ಸೊಸೆಗಡವು

ಮಡ್ಡಿಹಾಳಕ್ಕೆ ದಿನಕ್ಕೆ ಎರಡೇ ಬಸ್ಸು. ಬೆಳಿಗ್ಗೆ ಎಂಟಕ್ಕೆ ಬಂದದ್ದು ಎಂಟೂಕಾಲಿಗೆ ಹೊರಟುಬಿಡುತ್ತದೆ. ಸಂಜೆ ಐದರದ್ದು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಅದೂ ಊರೊಳಗೆ ಹೋಗುವುದಿಲ್ಲ, ಹೊಳೆದಂಡೆಯ ಹುಣಸೆಮರದ ಕೆಳಗೆ ತಿರುಗಿಸಿಕೊಂಡು ಬಂದ ದಾರಿ ಹಿಡಿಯುತ್ತದೆ. ಆಚೆ ದಡದ ಸಂತೆಗುಡ್ಡ ಇಲ್ಲಿಂದ ಕಣ್ಣಿಗೆ ಕಾಣುತ್ತದೆ. ಅಲ್ಲಿಯ ಮಂದಿ ಕೆಮ್ಮಿದರೆ ಇಲ್ಲಿಗೆ ಕೇಳುತ್ತದೆ. ಆದರೆ ಬಸ್ಸಿನಲ್ಲಿ ಹೋಗಬೇಕೆಂದರೆ ಮೇಲಿನ ತೋರಣಹಾಳದ ಸೇತುವೆ ಸುತ್ತಿ ಮೂವತ್ತೆಂಟು ಕಿಲೋಮೀಟರು. ಹರಿಗೋಲಿನಲ್ಲಾದರೆ ಎಲೆಅಡಿಕೆ ಹಾಕಿಕೊಂಡು ಉಗುಳುವಷ್ಟರಲ್ಲಿ ಆಚೆ ದಡ. ಈ ಊರಿಗೇಕೆ ಸೇತುವೆ ಇಲ್ಲ ಎಂದು ಯಾವ ಕಚೇರಿಯಲ್ಲಿ ಕೇಳಿದರೂ ಜನಸಂಖ್ಯೆ ಸಾಲದು ಎಂಬ ಒಂದೇ ಉತ್ತರ. ಕಳೆದ ಜನಗಣತಿಯ ಪ್ರಕಾರ ಮಡ್ಡಿಹಾಳದಲ್ಲಿ ಇರುವವರು ನಾನೂರ ಹನ್ನೆರಡು ಮಂದಿ. ಊರವರು ಮಾತ್ರ ಅದನ್ನು ಒಪ್ಪುವುದಿಲ್ಲ. ಒಬ್ಬರನ್ನು ಬಿಟ್ಟು ಬರೆದಿದ್ದಾರೆ ಎಂದು ಅಂದಿನಿಂದ ಇಂದಿನವರೆಗೆ ಹಟ ಹಿಡಿದು ಕೂತಿದ್ದಾರೆ.

ಆ ಹುಣಸೆಮರಕ್ಕೆ ಬಡಿದ ತಗಡಿನ ಮೇಲೆ ಹಳದಿ ಬಣ್ಣದಲ್ಲಿ ‘ಸೊಸೆಗಡವು’ ಎಂದು ಬರೆದಿದೆ. ಕಡವು ಎಂದರೆ ಹೊಳೆ ದಾಟಿಸುವ ಜಾಗ. ಹೊಸಬರು ಇದನ್ನು ಓದಿದ ಕೂಡಲೇ ಮುಖ ಸಣ್ಣದು ಮಾಡಿಕೊಂಡು, ಅಯ್ಯೋ ಪಾಪ, ಯಾವ ಸೊಸೆ ಮುಳುಗಿ ಸತ್ತಳೋ ಎಂದು ಲೊಚಗುಟ್ಟುತ್ತಾರೆ. ಸೊಸೆ ಎಂಬ ಮಾತು ಕಿವಿಗೆ ಬಿದ್ದೊಡನೆ ಅವಳನ್ನು ನೀರಿಗೆ ನೂಕಿಬಿಡುವ ಈ ಚಟ ಮಂದಿಗೆ ಎಲ್ಲಿಂದ ಬಂತೋ! ಕೆರೆಗೆ ನೀರು ಬಾರದಿದ್ದರೆ ಸೊಸೆ ಬೇಕು, ಕೋಟೆಯ ಗೋಡೆ ನಿಲ್ಲದಿದ್ದರೆ ಸೊಸೆ ಬೇಕು. ಇಲ್ಲಿ ಯಾವ ಸೊಸೆಯೂ ಮುಳುಗಲಿಲ್ಲ. ಇಲ್ಲಿ ಸೊಸೆ ದಾಟಿದಳು. ಆ ದಾಟುವಿಕೆಗೆ ಊರಿಗೆ ಊರೇ ಬೆಲೆ ತೆತ್ತಿತು, ಅದು ಬೇರೆ ಮಾತು.

ತಗಡಿನ ಕೆಳಗೆ ಒಂದು ಕಲ್ಲುಬಾನಿ ಇದೆ. ನಾಲ್ಕು ಎತ್ತು ಸಾಲಾಗಿ ನಿಂತು ನೀರು ಕುಡಿಯುವಷ್ಟು ಉದ್ದ. ಆದರೆ ಅದರಲ್ಲಿ ಎಂದೂ ನೀರು ತುಂಬುವುದಿಲ್ಲ, ಇರುವುದು ಹೊಳೆಯ ಗುಂಡುಗಲ್ಲು. ಮಡ್ಡಿಹಾಳದವರು ಮನುಷ್ಯರನ್ನು ಬೆರಳು ಮಾಡಿ ಎಣಿಸುವುದಿಲ್ಲ. ಎಣಿಸಿದರೆ ಆಯುಷ್ಯ ಕಡಿಮೆಯಾಗುತ್ತದೆ ಎನ್ನುತ್ತಾರೆ. ಅದಕ್ಕೆ ಬದಲಾಗಿ ಕೂಸು ಹುಟ್ಟಿದರೆ ಹೊಳೆಯಿಂದ ಒಂದು ಕಲ್ಲು ಆರಿಸಿ ತಂದು ಬಾನಿಯಲ್ಲಿ ತಮ್ಮ ಮನೆಯ ಮೂಲೆಗೆ ಇಡುತ್ತಾರೆ. ಮಗಳನ್ನು ಬೇರೆ ಊರಿಗೆ ಕೊಟ್ಟರೆ ತಾಯಿ ಆ ಕಲ್ಲನ್ನು ತೆಗೆದು ಅವಳ ಉಡಿಯಲ್ಲಿ ಕಟ್ಟಿ ಕಳಿಸುತ್ತಾಳೆ. ಮನೆ ತುಂಬಿಸಿಕೊಂಡ ಸೊಸೆಗೆ ಹೊಸ ಕಲ್ಲು ಬೀಳುತ್ತದೆ. ಯಾರಾದರೂ ತೀರಿಕೊಂಡರೆ ಅವರ ಕಲ್ಲು ಹೊಳೆಗೆ. ಇದೆಲ್ಲದಕ್ಕೂ ಕಟ್ಟುನಿಟ್ಟಾದ ನೇಮ ಒಂದೇ: ಒಂದು ಮನೆಯ ಕಲ್ಲನ್ನು ಆ ಮನೆಯ ಹಿರಿಯ ಹೆಂಗಸು ಮಾತ್ರ ಮುಟ್ಟಬೇಕು. ಗೌಡನಾಗಲಿ ಗುರುವಾಗಲಿ ಕೈ ಹಾಕುವಂತಿಲ್ಲ.

ಹಿಂದೆ ಒಮ್ಮೆ, ಈ ಸೀಮೆಯನ್ನು ನಾಯಕರು ಆಳುತ್ತಿದ್ದ ಕಾಲದಲ್ಲಿ, ಇದೇ ದಂಡೆಯಲ್ಲಿ ಹುಲಿಗೆವ್ವ ಎಂಬ ಅಂಬಿಗರ ಹೆಂಗಸು ಇದ್ದಳಂತೆ. ಗಂಡ ಹೋಗಿ ಬಹಳ ವರ್ಷವಾಗಿತ್ತು. ಮನೆಯಲ್ಲಿ ಮಗ ಮೈಲಾರಿ, ಸೊಸೆ ಗುತ್ತೆವ್ವ, ತಾನು, ಮೂರೇ ಜನ. ಊರಿಗೆ ಆಗ ದಾರಿ ಎಂಬುದೇ ಇರಲಿಲ್ಲ, ಜಾಲಿಮುಳ್ಳಿನ ನಡುವಿನ ಕಾಲುಹಾದಿ ಅಷ್ಟೆ. ಹೊಳೆ ದಾಟಲು ಇದ್ದದ್ದು ಮೈಲಾರಿಯ ಹಳೆಯ ಹರಿಗೋಲು ಒಂದೇ. ಅದರ ತೊಗಲು ಸವೆದು ಕೂತವರ ತೊಡೆಯೆಲ್ಲ ಒದ್ದೆಯಾಗುತ್ತಿತ್ತು. ಒಂದು ಆಷಾಢದಲ್ಲಿ ಊರಗೌಡ ಸಂಕನಗೌಡನ ಮೊಮ್ಮಗುವಿಗೆ ವಿಪರೀತ ಜ್ವರ ಬಂತು. ಆಚೆ ದಡದಿಂದ ವೈದ್ಯನನ್ನು ಕರೆತರುತ್ತೇನೆಂದು ಮೈಲಾರಿ ಕೆಂಪುನೀರಿನಲ್ಲಿ ಹರಿಗೋಲು ಇಳಿಸಿದ. ಬೇಡವೋ ಎಂದು ತಾಯಿ ಕೂಗಿದ್ದು ಅವನಿಗೆ ಕೇಳಿಸಿತೋ ಇಲ್ಲವೋ, ತಿರುಗಿ ನೋಡಲಿಲ್ಲ. ಮೂರನೆಯ ದಿನ ಹರಿಗೋಲಿನ ಬಿದಿರುಚೌಕಟ್ಟು ಕೆಳಗಡೆಯ ಬಂಡೆಗೆ ಸಿಕ್ಕಿಕೊಂಡಿದ್ದು ಕಂಡಿತು. ಮೈಲಾರಿ ಕಾಣಲಿಲ್ಲ. ಮಗುವೂ ಉಳಿಯಲಿಲ್ಲ.

ಹನ್ನೊಂದನೆಯ ದಿನ ಹುಲಿಗೆವ್ವ ದಂಡೆಯಲ್ಲಿ ಕೂತಿದ್ದಾಗ ಸಂತೆಗುಡ್ಡದ ಬೆಸ್ತ ತಿರಕಪ್ಪ ಈಜಿಕೊಂಡು ಬಂದ. ಇಪ್ಪತ್ತರ ಹರೆಯದವನು, ಮಾತು ಕಡಿಮೆ. ಕೆಳಗಡೆಯ ಆಪಿನ ಹುಲ್ಲಿನಲ್ಲಿ ಹೆಣ ಸಿಕ್ಕಿತೆಂದೂ ತರುವ ಸ್ಥಿತಿಯಲ್ಲಿ ಇರಲಿಲ್ಲವಾದ್ದರಿಂದ ತಾನೇ ಮಣ್ಣು ಮಾಡಿದೆನೆಂದೂ ಹೇಳಿ, ಬೆಳ್ಳಿಯ ಗುಂಡು ಪೋಣಿಸಿದ ಒಂದು ಉಡದಾರವನ್ನು ಅವಳ ಕೈಗಿಟ್ಟ. ಆ ಗುಂಡನ್ನು ಹುಲಿಗೆವ್ವನೇ ಮಗನ ಸೊಂಟಕ್ಕೆ ಕಟ್ಟಿದ್ದಳು. ಅವಳು ಮುಷ್ಟಿ ಮುಚ್ಚಿದಳು. “ನೀ ಏನೂ ನೋಡಿಲ್ಲ, ನಾ ಏನೂ ಕೇಳಿಲ್ಲ. ಹೋಗಪ್ಪಾ,” ಎಂದಳಂತೆ. ಅವಳ ಮನಸ್ಸಿನಲ್ಲಿ ಮೋಸವಿರಲಿಲ್ಲ. ಕಲ್ಲು ತೆಗೆದರೆ ಮುಗಿಯಿತಲ್ಲ! ಬಾನಿಯಲ್ಲಿ ಕಲ್ಲಿರುವ ತನಕ ಮಗ ಊರಿನಲ್ಲಿ ಇದ್ದ ಹಾಗೆಯೇ. ಇವತ್ತು ಬೇಡ, ನಾಳೆ ತೆಗೆದರಾಯಿತು ಎಂದುಕೊಂಡಳು. ಮರುದಿನವೂ ಹಾಗೆಯೇ ಅಂದುಕೊಂಡಳು. ಹಾಗೆ ಎಂಟು ತಿಂಗಳು ಹೋಯಿತು.

ಅಷ್ಟರಲ್ಲಿ ಅರಮನೆಯಿಂದ ಡಂಗುರ ಬಂತು. ಇನ್ನೂರು ತಲೆ ಇರುವ ಊರಿಗೆ ನಾಯಕರು ಬಂಡಿದಾರಿ ಕಡಿಸಿ, ಹೊಸ ತೊಗಲಿನ ದೊಡ್ಡ ಹರಿಗೋಲು ಕೊಟ್ಟು, ಕಡವು ಮಾಡಿಸುತ್ತಾರಂತೆ. ಇನ್ನೂರು ಇಲ್ಲದಿದ್ದರೆ ಕಡವು ಮೇಲಿನ ತೋರಣಹಾಳಕ್ಕೆ. ಸಂಕನಗೌಡ ನಡುಮಧ್ಯಾಹ್ನ ಯಾರೂ ಇಲ್ಲದ ಹೊತ್ತು ನೋಡಿ ಬಾನಿಯ ಕಲ್ಲುಗಳನ್ನು ಕದ್ದು ಎಣಿಸಿದ. ಮುಟ್ಟಲಿಲ್ಲ, ಬರೇ ಕಣ್ಣಿನಲ್ಲಿ ಎಣಿಸಿದ. ಸರಿಯಾಗಿ ಇನ್ನೂರು. ನೇರ ಹುಲಿಗೆವ್ವನ ಕಟ್ಟೆಗೆ ಬಂದು ಕೂತ. ಕೇಳಬೇಕಾದದ್ದನ್ನು ಬಾಯಿಬಿಟ್ಟು ಕೇಳುವ ಧೈರ್ಯ ಅವನಿಗಿರಲಿಲ್ಲ, ಅವನ ಮೊಮ್ಮಗುವಿಗಾಗಿ ಅಲ್ಲವೇ ಆ ಹುಡುಗ ಹೋದದ್ದು. “ನಿನ್ನ ಮಗ ಬರ್ತಾನ ಅಂತ ನನಗೂ ಅನ್ನಸ್ತೈತಿ, ಹುಲಿಗೆವ್ವಾ,” ಎಂದು ನೆಲ ನೋಡಿಕೊಂಡು ಹೇಳಿ ಎದ್ದುಹೋದ.

ಅರಮನೆಯ ಪಾರುಪತ್ಯಗಾರ ಕುದುರೆಯ ಮೇಲೆ ಬಂದು ಹುಣಸೆಮರದ ನೆರಳಿನಲ್ಲಿ ಜಮಖಾನ ಹಾಸಿಸಿ ಕೂತ. ಕಲ್ಲುಗಳ ಎಣಿಕೆಯಾಯಿತು. ಆಮೇಲೆ ಒಂದೊಂದು ಮನೆಯ ಹಿರಿಯ ಹೆಂಗಸೂ ಬಾನಿ ಮುಟ್ಟಿ, ನಮ್ಮ ಕಲ್ಲಿನವರೆಲ್ಲ ಇದ್ದೇವೆ ಎಂದು ಹೇಳಬೇಕಾಯಿತು. ಹುಲಿಗೆವ್ವನ ಸರದಿ ಬಂದಾಗ ಊರಿಗೆ ಊರೇ ಬಾನಿಯ ಹತ್ತಿರಕ್ಕೆ ಸರಿಯಿತು. ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಉಡದಾರ ಅವಳಿಗೆ ಚುಚ್ಚುತ್ತಿತ್ತು. ಎದುರಿಗೆ ಬಸುರಿಯರು, ಮುದುಕರು, ದಾಟಲಾಗದೆ ದಂಡೆಯಲ್ಲೇ ಕೂಸು ಕಳಕೊಂಡ ತಾಯಂದಿರು. “ನಮ್ಮ ಮನಿ ಕಲ್ಲು ಮೂರ್ರೀ. ಮೂವರೂ ಅದೀವಿ,” ಎಂದಳು. ಮಗ ಎಲ್ಲಿ ಎಂದು ಕೇಳಿದ್ದಕ್ಕೆ, ದೂರ ದುಡಿಯಲು ಹೋಗಿದ್ದಾನೆ, ಬರುತ್ತಾನೆ ಎಂದಳು. ಪಾರುಪತ್ಯಗಾರನಿಗೆ ಏನು ಗೊತ್ತು! ಅಂಬಿಗರ ಮನೆ ತಾನೇ ಎಂದು ಕಡವನ್ನು ಮೈಲಾರಿಯ ಹೆಸರಿಗೇ ಬರೆಸಿ, ಅವನು ಬರುವ ತನಕ ಹುಟ್ಟು ಹಾಕುವ ಕೆಲಸ ತಾಯಿಯದು ಎಂದು ಹೇಳಿ ಹೋದ. ಗುತ್ತೆವ್ವ ಹೆಂಗಸರ ಗುಂಪಿನ ಹಿಂದೆ ನಿಂತು ಇದನ್ನೆಲ್ಲ ಕೇಳಿಸಿಕೊಂಡಳು. ಗಂಡ ಬದುಕಿದ್ದಾನೆ ಎಂದು ಅತ್ತೆ ಬಾನಿ ಮುಟ್ಟಿ ಹೇಳಿದಳಲ್ಲ, ಹದಿನೆಂಟರ ಹುಡುಗಿ ಅದನ್ನು ನಂಬಿದಳು. ಅವತ್ತು ಸಂಜೆ ಹೊಸ ಬಳೆ ಇಟ್ಟುಕೊಂಡಳಂತೆ.

ದಾರಿ ಬಂತು. ಹರಿಗೋಲು ಬಂತು. ಉಪ್ಪಿನ ಬಂಡಿ ಊರಿನ ತನಕ ಬರತೊಡಗಿತು, ಬೇನೆ ತಿನ್ನುವ ಹೆಂಗಸಿಗೆ ಸೂಲಗಿತ್ತಿ ಸಿಗತೊಡಗಿದಳು, ಸಂತೆಯ ದಿನ ಕಡವಿನಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಹೊಸ ಮನೆಗಳೆದ್ದು ಬಾನಿಯಲ್ಲಿ ಕಲ್ಲು ತುಂಬಿ ತುಳುಕಿತು. ಹುಲಿಗೆವ್ವ ಹುಟ್ಟು ಹಾಕಿ ಹಾಕಿ ಅಂಗೈ ಕಲ್ಲಾಯಿತು. ಆಚೆ ದಡದವರು ಹರಿಗೋಲು ಬೇಕಾದಾಗ ‘ಮೈಲಾರೀ’ ಎಂದು ಕೂಗುತ್ತಿದ್ದರು, ಕಡವು ಅವನ ಹೆಸರಿನದಲ್ಲವೇ. ಪ್ರತಿ ಕೂಗಿಗೂ ಅವಳೇ ‘ಓ’ ಎನ್ನಬೇಕಾಗುತ್ತಿತ್ತು. ಮಗನಿಗಾಗಿ ಒಂದು ದಿನ ಬಾಯಿಬಿಟ್ಟು ಅಳುವ ಹಾಗಿಲ್ಲ, ಒಂದು ಎಡೆ ಇಡುವ ಹಾಗಿಲ್ಲ. ಇಂಥ ಶಿಕ್ಷೆ ಯಾವ ಅರಮನೆಯೂ ಕೊಡಲಾರದು, ಅವಳಿಗೆ ಅವಳೇ ಕೊಟ್ಟುಕೊಂಡಿದ್ದಳು. ಅದಕ್ಕಿಂತ ಸುಡುವ ಸಂಗತಿ ಮನೆಯೊಳಗಿತ್ತು. ಆ ಜನದಲ್ಲಿ ಗಂಡ ಸತ್ತವಳಿಗೆ ಉಡಿಕೆ ಮಾಡಿ ಮತ್ತೊಂದು ಮನೆ ಕಟ್ಟಿಕೊಡುವ ರೂಢಿಯಿತ್ತು. ಗುತ್ತೆವ್ವನಿಗೆ ಅದೂ ಇಲ್ಲ, ಗಂಡನ ಕಲ್ಲು ಬಾನಿಯಲ್ಲಿದೆಯಲ್ಲ. ಊರಿನ ಹಬ್ಬಕ್ಕೆಲ್ಲ ಮುತ್ತೈದೆ ಎಂದು ಮೊದಲು ಅವಳಿಗೇ ಉಡಿ ತುಂಬುತ್ತಿದ್ದರು. ಮೊದಮೊದಲು ಅವಳು ನಕ್ಕು ತುಂಬಿಸಿಕೊಂಡಳು. ನಾಲ್ಕನೆಯ ವರ್ಷಕ್ಕೆ ನಗು ನಿಂತಿತು.

ತಿರಕಪ್ಪ ವಾರಕ್ಕೊಮ್ಮೆ ಮೀನಿನ ಬುಟ್ಟಿ ಹೊತ್ತು ಇದೇ ಹರಿಗೋಲಿನಲ್ಲಿ ದಾಟುತ್ತಿದ್ದ. ಅವನಿಗೆ ಹೆಣ್ಣು ಕೊಡುತ್ತೇವೆಂದು ಬಂದವರನ್ನೆಲ್ಲ ಸಾಗಹಾಕುತ್ತಿದ್ದ. ದಂಡೆಯಲ್ಲಿ ಅತ್ತೆಗೆ ಬುತ್ತಿ ತರುತ್ತಿದ್ದ ಗುತ್ತೆವ್ವನ ಕಡೆ ಅವನು ನೋಡುತ್ತಿದ್ದದ್ದನ್ನೂ ಅವಳು ನೋಡಿದ್ದನ್ನೂ ಹುಲಿಗೆವ್ವ ಬಲ್ಲಳು. ಅಂಬಿಗಿತ್ತಿಯ ಕಣ್ಣು, ನೀರಿನ ಸುಳಿಯನ್ನೇ ದೂರದಿಂದ ಗುರುತಿಸುವಂಥದ್ದು. ಒಂದು ದಿನ ನಡುಹೊಳೆಯಲ್ಲಿ ಅವನು, “ಯವ್ವಾ, ಇನ್ನ ಎಷ್ಟ ವರ್ಷ ಬಾಯಿ ಮುಚಗೊಂಡಿರ್ಲಿ?” ಎಂದು ಕೇಳಿದ. ಅವಳು ಕೇಳಿಸದವಳ ಹಾಗೆ ಹುಟ್ಟು ಹಾಕಿದಳು.

ಆರನೆಯ ವರ್ಷ ಊರಿಗೆ ದೊಡ್ಡ ಜ್ವರ ಬಂತು. ಕೆಲವರು ಸತ್ತರು, ಅದಕ್ಕಿಂತ ಹೆಚ್ಚು ಮಂದಿ ಊರು ಬಿಟ್ಟರು. ಯಾವ ದಾರಿಯಲ್ಲಿ ಉಪ್ಪು ಬಂತೋ ಅದೇ ದಾರಿಯಲ್ಲಿ ಮಂದಿ ಹೋದರು. ಹಿರಿಯ ಹೆಂಗಸರು ಬಾನಿಯಿಂದ ಮನೆಮಂದಿಯ ಕಲ್ಲುಗಳನ್ನು ಸೆರಗಿಗೆ ಕಟ್ಟಿಕೊಂಡು ಬಂದು ಹರಿಗೋಲು ಹತ್ತುವುದು, ಹುಲಿಗೆವ್ವ ಅವರನ್ನು ದಾಟಿಸುವುದು. ಊರನ್ನು ತಾನೇ ಖಾಲಿ ಮಾಡುತ್ತಿದ್ದೇನೆ ಎಂದು ಅವಳಿಗೆ ಅನಿಸುತ್ತಿತ್ತು. ಏಳನೆಯ ವರ್ಷ ಮತ್ತೆ ಎಣಿಕೆಯ ಕರೆ ಬಂದಾಗ ಸಂಕನಗೌಡ ಮತ್ತೆ ಕದ್ದು ಎಣಿಸಿದ. ವಿಧಿಯ ಆಟ ನೋಡಿ, ಮತ್ತೆ ಸರಿಯಾಗಿ ಇನ್ನೂರು.

ಎಣಿಕೆಯ ಹಿಂದಿನ ದಿನ ಮಧ್ಯಾಹ್ನ ಹುಲಿಗೆವ್ವ ಹರಿಗೋಲನ್ನು ಬೋರಲು ಹಾಕಿ ತೊಗಲಿಗೆ ಎಣ್ಣೆ ಸವರುತ್ತಿದ್ದಳು. ಗುತ್ತೆವ್ವ ಬುತ್ತಿ ಇಟ್ಟು ಎದುರಿಗೆ ಕೂತಳು. “ಅತ್ತೀ, ಒಂದ ಮಾತು ಹೇಳ್ರಿ. ಅಂವ ಅದಾನೋ, ಇಲ್ಲೋ? ಇದ್ರ ಕಾಯ್ತೀನಿ, ಮುದುಕಿ ಆಗೋತನಾ ಕಾಯ್ತೀನಿ. ಇಲ್ಲಾಂದ್ರ ಅಳ್ತೀನಿ. ಎರಡೂ ಇಲ್ಲದಂಗ ನಡುನೀರಾಗ ನಿಲ್ಲಿಸೀರಲ್ರಿ ನನ್ನ,” ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಹುಲಿಗೆವ್ವನಿಗೆ ತಡೆಯಲಾಗದೆ ಹೋಯಿತು. ಮಗನ ಮೇಲಿನ ಮಾಯೆಗೆ ಒಂದು ಸುಳ್ಳು ಹೇಳಿದ್ದೆ, ಅದರ ಭಾರವನ್ನೆಲ್ಲ ಹೊತ್ತವಳು ಈ ಪರರ ಮಗಳು ಎಂದು ಅವಳಿಗೆ ಆಗ ಹೊಳೆಯಿತು. ಆದರೂ ಬಾಯಿಗೆ ಬಂದದ್ದು, “ನಾಳೆ ಎಣಿಕಿ ಐತಿ. ಮುಗೀಲಿ, ಹೇಳ್ತೀನಿ,” ಎಂಬ ಮಾತು. ಗುತ್ತೆವ್ವ ಬುತ್ತಿಯ ಬಟ್ಟೆ ಮಡಚಿಕೊಂಡು ಎದ್ದುಹೋದಳು. ಉತ್ತರ ಅವಳಿಗೆ ಸಿಕ್ಕಿಹೋಗಿತ್ತು.

ಮರುದಿನ ಅದೇ ಹುಣಸೆಮರ, ಅದೇ ಪಾರುಪತ್ಯಗಾರ, ಗಡ್ಡ ಮಾತ್ರ ಬೆಳ್ಳಗಾಗಿತ್ತು. ಆಚೆ ದಡದಿಂದಲೂ ಜನ ನೋಡಲು ಬಂದಿದ್ದರು, ತಿರಕಪ್ಪನೂ ಇದ್ದ. ಹುಲಿಗೆವ್ವನ ಸರದಿ ಬಂತು. ಅವಳು ಬಾನಿ ಮುಟ್ಟಿದಳು. ಬಗ್ಗಿ ತನ್ನ ಮನೆಯ ಮೂಲೆಯಿಂದ ಒಂದು ಕಲ್ಲು ಎತ್ತಿದಳು. “ಹುಲಿಗೆವ್ವಾ, ಕೈ ತಗಿ! ಊರು ಹಾಳಾಗತೈತಿ!” ಎಂದು ಸಂಕನಗೌಡ ಚೀರಿದ. ಅವಳು ಇನ್ನೊಂದು ಕೈಯಲ್ಲಿ ಉಡದಾರ ಎತ್ತಿ ಎಲ್ಲರಿಗೂ ತೋರಿಸಿದಳು. “ನನ್ನ ಮಗ ಸತ್ತು ಏಳು ವರ್ಷ ಆತು. ಮಣ್ಣು ಮಾಡಿದಾಂವ ಅಲ್ಲಿ ನಿಂತಾನ. ಸುಳ್ಳು ಹೇಳಿದಾಕಿ ನಾನು, ಶಿಕ್ಷಾ ನನಗ ಕೊಡ್ರಿ,” ಎಂದವಳೇ ನೀರಿಗಿಳಿದು ಕಲ್ಲನ್ನು ಬಿಟ್ಟಳು. ಅನಂತರ ಮೊಣಕಾಲುದ್ದ ನೀರಿನಲ್ಲಿ ಕೂತು ಅತ್ತಳು. ಏಳು ವರ್ಷದ ಅಳುವನ್ನು ಒಮ್ಮೆಗೇ ಅಳುವುದನ್ನು ಕೇಳಲಾರದೆ ಅಂದು ಕುದುರೆಯೂ ಹಗ್ಗ ಜಗ್ಗಿತು ಎನ್ನುತ್ತಾರೆ.

ಸಂಕನಗೌಡ ಪಾರುಪತ್ಯಗಾರನ ಕಾಲು ಹಿಡಿದ. ಒಂದೇ ಕಲ್ಲು ಕಡಿಮೆಯಾಗಿದೆ, ತಿರಕಪ್ಪ ಗುತ್ತೆವ್ವನನ್ನು ಉಡಿಕೆ ಮಾಡಿಕೊಂಡು ಇಲ್ಲಿಯೇ ಇರಲಿ, ಅವನ ಕಲ್ಲು ಬಿದ್ದರೆ ಮತ್ತೆ ಇನ್ನೂರಾಗುತ್ತದೆ ಎಂದು ಬೇಡಿಕೊಂಡ. ಪಾರುಪತ್ಯಗಾರ ಆಗಬಹುದೆಂದು ತಲೆಯಾಡಿಸಿದ. ಅವನೇನು ಕೆಟ್ಟವನಲ್ಲ. ಎಲ್ಲರೂ ತಿರಕಪ್ಪನನ್ನು ನೋಡಿದರು. ಆಕೆ ಹೇಳಿದಂಗ ಎಂದು ಅವನು ಗುತ್ತೆವ್ವನನ್ನು ನೋಡಿದ. ಊರಿಗೆ ಊರೇ ಅವಳ ಬಾಯಿ ನೋಡುತ್ತ ನಿಂತಿತು. ಹೂಂ ಎಂದುಬಿಡಬೇಕಿತ್ತು ಎಂದು ಇಂದಿಗೂ ಅನ್ನುವವರಿದ್ದಾರೆ. ಅನ್ನುವುದು ಸುಲಭ. “ಏಳು ವರ್ಷ ನನ್ನ ಬಾಳೇವು ಹಾಸಿ ಅದರ ಮ್ಯಾಲೆ ನೀವೆಲ್ಲಾ ಹೊಳಿ ದಾಟಿದ್ರಿ. ಈಗ ನಾ ದಾಟ್ತೀನಿ. ಅತ್ತೀ, ನನ್ನ ಕಲ್ಲು ಕೊಡ್ರಿ,” ಎಂದಳು ಗುತ್ತೆವ್ವ. ಗುಂಪಿನಿಂದ ಬಸುರಿಯೊಬ್ಬಳು, “ನಾವು ದಂಡಿ ಮ್ಯಾಲೆ ಸಾಯೂನೇನಬೇ ಮತ್ತ?” ಎಂದು ಅಳುದನಿಯಲ್ಲಿ ಕೇಳಿದಳು. ಗುತ್ತೆವ್ವ ಅವಳನ್ನೇ ನೋಡುತ್ತ ಉಡಿಯೊಡ್ಡಿ ನಿಂತಳು.

ಹುಲಿಗೆವ್ವ ನೀರಿನಿಂದ ಎದ್ದು ಬಂದಳು. ಆ ಮನೆಯ ಕಲ್ಲು ಮುಟ್ಟುವ ಹಕ್ಕು ಇದ್ದದ್ದು ಅವಳೊಬ್ಬಳಿಗೇ. ಇಲ್ಲ ಎಂದಿದ್ದರೆ ಸೊಸೆ ಅಲ್ಲಿಯೇ ಉಳಿಯಬೇಕಿತ್ತು, ಕಡವೂ ಉಳಿಯುತ್ತಿತ್ತು. ಬಸುರಿಯ ಮುಖವನ್ನೂ ನೋಡಿದಳು, ಸೊಸೆಯ ಬರಿದಾದ ಕಣ್ಣನ್ನೂ ನೋಡಿದಳು. ಆಮೇಲೆ ಗುತ್ತೆವ್ವನ ಕಲ್ಲನ್ನು ಎತ್ತಿ, ಸೆರಗಿನಿಂದ ಒರೆಸಿ, ಹೆತ್ತ ಮಗಳನ್ನು ಕಳಿಸುವಾಗ ಕಟ್ಟುವ ಹಾಗೆ ಅವಳ ಉಡಿಯಲ್ಲಿ ಎರಡು ಗಂಟು ಹಾಕಿ ಕಟ್ಟಿದಳು. ಕೈ ಹಿಡಿದು ಹರಿಗೋಲಿಗೆ ಹತ್ತಿಸಿ, ತಿರಕಪ್ಪನನ್ನೂ ಕೂರಿಸಿಕೊಂಡು, ತಾನೇ ಹುಟ್ಟು ಹಾಕಿ ದಾಟಿಸಿದಳು. ಆಚೆ ದಡದಲ್ಲಿ ತಿರಕಪ್ಪ ಇಬ್ಬರನ್ನೂ ಒಂದು ಜಾಲಿಮರದ ಬುಡಕ್ಕೆ ಕರೆದೊಯ್ದ. ಅಲ್ಲಿ ಮೈಲಾರಿಯನ್ನು ಮಣ್ಣು ಮಾಡಿದ ಜಾಗವನ್ನು ಅವನು ಸುತ್ತಲೂ ಕಲ್ಲು ಜೋಡಿಸಿ ಏಳು ವರ್ಷ ಕಾಪಾಡಿಕೊಂಡು ಬಂದಿದ್ದ. ಹೆಂಗಸರಿಬ್ಬರೂ ಹೊತ್ತು ಇಳಿಯುವವರೆಗೆ ಕೂತಿದ್ದರು. ಹುಲಿಗೆವ್ವ ಒಬ್ಬಳೇ ಹಿಂತಿರುಗಿದಳು.

ನೂರ ತೊಂಬತ್ತೆಂಟು ಎಂದು ಬರೆದುಕೊಂಡು ಪಾರುಪತ್ಯಗಾರ ಹೊರಟುಹೋದ. ವಾರದೊಳಗೆ ಅರಮನೆಯ ಹರಿಗೋಲನ್ನು ತೋರಣಹಾಳಕ್ಕೆ ಒಯ್ದರು. ಬಂಡಿದಾರಿ ಮುಳ್ಳುಪಾಲಾಯಿತು. ಆ ಮಳೆಗಾಲದಲ್ಲಿ ಆ ಬಸುರಿ ದಂಡೆಯ ಮೇಲೆಯೇ ತೀರಿಕೊಂಡಳು ಎಂದು ಕೆಲವರು, ಇಲ್ಲ, ಬದುಕಿದಳು ಎಂದು ಕೆಲವರು ಹೇಳುತ್ತಾರೆ. ಊರು ಹುಲಿಗೆವ್ವನ ಜೊತೆ ಮಾತು ಬಿಟ್ಟಿತು. ಬಂಡಿ ಎಲ್ಲಿ, ಉಪ್ಪು ಎಲ್ಲಿ ಎಂದು ಯಾರಾದರೂ ಕೇಳಿದರೆ, ಸೊಸೆಯನ್ನು ದಾಟಿಸಿದ ಕಡವಿನಲ್ಲಿ ಹೋದವು ನೋಡು ಎಂದು ಅವಳಿಗೆ ಕೇಳುವಂತೆಯೇ ಕುಟುಕುತ್ತಿದ್ದರು. ಹೊಟ್ಟೆಯುರಿಗೆ ಇಟ್ಟ ಹೆಸರು ಅದು. ಅವಳು ತಾನೇ ಬಿದಿರು ಸೀಳಿ, ತೊಗಲು ಹೊಲಿದು, ನಾಲ್ಕು ಜನ ಕೂರುವ ಹರಿಗೋಲು ಕಟ್ಟಿದಳು. ಮಾತು ಬಿಟ್ಟವರನ್ನೂ ಕುಟುಕಿದವರನ್ನೂ ಸಾಯುವ ತನಕ ಒಂದು ಕಾಳೂ ಕೇಳದೆ ದಾಟಿಸಿದಳು. ಬೇನೆ ತಿನ್ನುವವರಿದ್ದರೆ ಎಂಥ ಮಳೆಯಲ್ಲೂ ಇಳಿಸುತ್ತಿದ್ದಳಂತೆ. ಎಷ್ಟೋ ವರ್ಷದ ಮೇಲೆ ಅದೇ ಹೆಸರನ್ನು ಜನ ತಗ್ಗಿದ ದನಿಯಲ್ಲಿ ಹೇಳಲು ಶುರುಮಾಡಿದರು.

ಅವಳು ಸತ್ತಾಗ ಒಂದು ತೊಡಕು ಬಂತು. ಅವಳ ಕಲ್ಲನ್ನು ತೆಗೆಯಬೇಕಾದ ಹಿರಿಯ ಹೆಂಗಸು ಆ ಮನೆಯಲ್ಲಿ ಯಾರಿದ್ದರು? ಮನೆಯೇ ಇರಲಿಲ್ಲ. ಗುತ್ತೆವ್ವ ಸುದ್ದಿ ತಿಳಿದು ಮಕ್ಕಳನ್ನು ಕರೆದುಕೊಂಡು ದಾಟಿ ಬಂದಳು. ಬಾನಿಯ ಮುಂದೆ ನಿಂತು ಕೈ ಚಾಚಿದಳು, ಆದರೆ ಮುಟ್ಟಲಿಲ್ಲ. ಅವಳೀಗ ತಿರಕಪ್ಪನ ಮನೆಯವಳು. ಅಷ್ಟೇ ಅಲ್ಲ, ಅವಳಿಗೆ ತೆಗೆಯುವ ಮನಸ್ಸೂ ಬರಲಿಲ್ಲ ಎನ್ನುತ್ತಾರೆ.

ಇಂದು ಬಸ್ಸಿಳಿದು ನೋಡುವವರಿಗೆ ಕಾಣುವುದು ಇಷ್ಟು: ಹುಣಸೆಮರ, ತಗಡಿನ ಹಲಗೆ, ಕಲ್ಲುಬಾನಿ, ದಂಡೆಗೆ ಬೋರಲು ಹಾಕಿದ ಒಂದು ಹರಿಗೋಲು. ಯುಗಾದಿಗೆ ಮನೆಮನೆಯ ಹಿರಿಯ ಹೆಂಗಸರು ಬಂದು ತಮ್ಮ ತಮ್ಮ ಕಲ್ಲುಗಳನ್ನು ತೊಳೆದಿಡುತ್ತಾರೆ. ಹೊಳೆಯ ಕಡೆಯ ಮೂಲೆಯಲ್ಲಿ ಒಂದು ಕಲ್ಲು ಮಾತ್ರ ಯಾರ ಕೈಯೂ ತಾಗದೆ ಪಾಚಿಗಟ್ಟಿ ಕಪ್ಪಾಗಿದೆ. ಜನಗಣತಿಯವರು ನಾನೂರ ಹನ್ನೆರಡು ಎಂದು ಬರೆದು ಚೀಲ ಮುಚ್ಚಿದಾಗ, ಬಾನಿಯ ಪಕ್ಕ ಕೂತಿದ್ದ ಮುದುಕಿಯೊಬ್ಬಳು, “ಅದಕ್ಕ ಇನ್ನೊಂದು ಕೂಡಿಸ್ಕೊಳ್ರಿ,” ಎಂದಳಂತೆ. “ದಾಟಸಾಕಿ ಒಬ್ಬಾಕಿ ಅದಾಳ.”